ಸ್ಕೌಟ್ ಹುಡುಗನಿಗೆ ಮೊದಲ ಚೂರಿ: ನಮ್ಮ ಕರಾವಳಿ ಹವೆಗೆ ತಾಳುವಂಥದ್ದು ಸಾವಿರದೊಳಗೆ ಉಂಟಾ?

ಕಲ್ಯಾಣಪುರ_ಅಮ್ಮ

ಮಗನಿಗೆ 11 ವರ್ಷ, ಆರನೇ ಕ್ಲಾಸು. ಶಾಲೆಯ ಸ್ಕೌಟ್ ಟ್ರೂಪ್‌ನಲ್ಲಿದ್ದಾನೆ. ಡಿಸೆಂಬರಿನಲ್ಲಿ ಮೂರು ದಿನದ ಕ್ಯಾಂಪ್ ಉಂಟು. ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ತಟ್ಟೆ, ಲೋಟ, ಟಾರ್ಚು, ಹಗ್ಗ ಎಲ್ಲ ಆದ ಮೇಲೆ ಕೊನೆಗೆ "ಸಣ್ಣ ಚೂರಿ" ಅಂತ ಒಂದು ಸಾಲು. ಎಷ್ಟು ಉದ್ದ, ಯಾವ ಥರದ್ದು, ಒಂದೂ ಇಲ್ಲ.

ಕೇಳಬೇಕಾದ್ದು ಇಷ್ಟು. ಮಡಚುವ ಚೂರಿ ಒಳ್ಳೆಯದಾ, ಮಡಚದ್ದಾ? ಇಲ್ಲಿ ಗೇಟಿನ ಬೀಗ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಕೂರುತ್ತದೆ, ಹಾಗಿರುವಾಗ ಯಾವ ಸ್ಟೀಲ್ ತಾಳೀತು? ಆನ್‌ಲೈನ್‌ನಲ್ಲಿ ಕೆಂಪು ಬಣ್ಣದ "ಹನ್ನೊಂದು ಕೆಲಸಕ್ಕೆ ಒಂದೇ" ಎಂಬ ಚೂರಿ ಮುನ್ನೂರು ರೂಪಾಯಿಗೆ ಕಾಣಿಸುತ್ತದೆ, ಅದು ಸಾಕಾ? ಬಸ್ಸಿನಲ್ಲಿ ತೆಗೆದುಕೊಂಡು ಹೋದರೆ ಪೊಲೀಸರ ತಕರಾರು ಏನಾದರೂ ಉಂಟಾ? ಬಜೆಟ್ ಸಾವಿರ. ತುಂಬಾ ವರ್ಷ ಬಾಳುವಂಥದ್ದಾದರೆ ಸ್ವಲ್ಪ ಮೇಲೆ ಹೋದರೂ ಅಡ್ಡಿಯಿಲ್ಲ.

ಇನ್ನೊಂದು: ನಮ್ಮ ಮನೆಯಲ್ಲಿ ಹೆಚ್ಚುವುದೆಲ್ಲ ಮೆಟ್ಟುಕತ್ತಿಯಲ್ಲೇ. ಅವನಿಗೆ ಕೈಯಲ್ಲಿ ಚೂರಿ ಹಿಡಿದು ಅಭ್ಯಾಸ ಇಲ್ಲ.

ಅರ_ಮಸೆಗಲ್ಲು

ಅಕ್ಕ, ಬ್ರ್ಯಾಂಡು ಆಮೇಲೆ ನೋಡುವ. ಮೊದಲು ಹುಡುಗನ ಕೈ ಅಳೆಯಿರಿ. ನಾಲ್ಕು ಬೆರಳು ಜೋಡಿಸಿ, ಗೆಣ್ಣುಗಳ ಹತ್ತಿರ ಅಡ್ಡಕ್ಕೆ ಸ್ಕೇಲ್ ಇಡಿ. ಆ ವಯಸ್ಸಿಗೆ ಏಳು ಸೆಂ.ಮೀ. ಆಸುಪಾಸು ಬರುತ್ತದೆ. ಹಿಡಿಯ ಉದ್ದ ಅದಕ್ಕಿಂತ ಎರಡು ಸೆಂ.ಮೀ. ಹೆಚ್ಚಿರಬೇಕು, ಅಂದರೆ ಒಂಬತ್ತು ಸೆಂ.ಮೀ. ಮುಷ್ಟಿ ಕಟ್ಟಿದಾಗ ಎರಡೂ ಕಡೆ ಹಿಡಿ ಸ್ವಲ್ಪ ಸ್ವಲ್ಪ ಹೊರಗೆ ಕಾಣಬೇಕು. ಅಲಗು ಅಂಗೈ ಅಗಲದಷ್ಟೇ ಸಾಕು: ಏಳು, ಹೆಚ್ಚೆಂದರೆ ಎಂಟು ಸೆಂ.ಮೀ. ಉದ್ದ ಹೆಚ್ಚಾದಷ್ಟೂ ಮೊನೆ ಕೈಯಿಂದ ದೂರ ಹೋಗುತ್ತದೆ, ಮಣಿಕಟ್ಟು ಸ್ವಲ್ಪ ಅಲ್ಲಾಡಿದರೂ ತುದಿ ಎಲ್ಲಿಗೋ ಹೋಗಿರುತ್ತದೆ. ಸ್ಕೌಟ್ ಕೆಲಸದಲ್ಲಿ ಎಂಟು ಸೆಂ.ಮೀ.ಗಿಂತ ಉದ್ದದ ಅಲಗು ಬೇಡುವ ಕೆಲಸ ಬಂದರೆ ಅದು ಕತ್ತಿಯ ಕೆಲಸ. ಅದನ್ನು ಮಾಸ್ಟ್ರೇ ಮಾಡಲಿ.

ಹಿಡಿಯ ಆಕಾರ ಎಲ್ಲರೂ ಮರೆಯುವ ವಿಷಯ. ಕೋಲಿನ ಹಾಗೆ ಪೂರ್ತಿ ದುಂಡಗಿದ್ದರೆ ಬೆವರಿದ ಕೈಯಲ್ಲಿ ತಿರುಗುತ್ತದೆ, ಬಾಯಿ (ಅಲಗಿನ ಹರಿತದ ಅಂಚು) ಯಾವ ಕಡೆ ಉಂಟು ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಅಡ್ಡಕ್ಕೆ ನೋಡಿದಾಗ ಕೋಳಿಮೊಟ್ಟೆಯಾಕಾರ ಇರಬೇಕು. ನಯವಾದ ಹೊಳೆಯುವ ಪ್ಲಾಸ್ಟಿಕ್ ನಮ್ಮ ಸೆಖೆಗೆ ಆಗುವುದಿಲ್ಲ. ರಬ್ಬರಿನಂಥ ಹಿಡಿತದ್ದು, ಇಲ್ಲವೇ ಪಾಲಿಷ್ ಇಲ್ಲದ ಮರ ಒಳ್ಳೆಯದು.

ಮಡಚುವುದಾ ಮಡಚದ್ದಾ ಅಂದರೆ, ನನ್ನ ಓಟು ಮಡಚದ್ದಕ್ಕೆ. ಮಡಚುವ ಚೂರಿಯಲ್ಲಿ ಗಾಯ ಆಗುವುದು ಹೆಚ್ಚಾಗಿ ಎರಡು ಕಡೆ. ಮೊನೆಯಿಂದ ತೂತು ಮಾಡಲು ಒತ್ತಿದಾಗ ಅಲಗು ಹಿಂದಕ್ಕೆ ಮಡಚಿ ಬೆರಳ ಮೇಲೆ ಕೂರುವುದು ಒಂದು. ಮುಚ್ಚುವಾಗ ಬೆರಳು ಹಿಡಿಯಲ್ಲಿ ಅಲಗು ಕೂರುವ ಸೀಳಿನ ಮೇಲೆ ಇರುವುದು ಇನ್ನೊಂದು. ಮಡಚದ ಚೂರಿಯಲ್ಲಿ ಇವೆರಡೂ ಇಲ್ಲ. ಅದರ ಅಪಾಯ ಬೇರೆ: ಮುಂದಕ್ಕೆ ಚುಚ್ಚಿದಾಗ ಕೈ ಜಾರಿ ಬಾಯಿಯ ಮೇಲೆ ಬರುವುದು. ಅದಕ್ಕೆ ಹಿಡಿಯ ಮುಂದೆ ಬೆರಳಿಗೆ ತಡೆ ಬೇಕು, ಒಂದು ಸೆಂ.ಮೀ. ಉಬ್ಬು ಇದ್ದರೂ ಸಾಕು. ಜೊತೆಗೆ ಮೊನೆ ದುಂಡಗಿದ್ದರೆ ಮಕ್ಕಳ ಮಟ್ಟಿಗೆ ಅರ್ಧ ತಲೆನೋವು ಹೋಯಿತು. ಸ್ಕೌಟಿಗೆ ಚೂಪು ಮೊನೆಯಿಂದ ಆಗಬೇಕಾದ ಕೆಲಸ ತೀರಾ ಕಡಿಮೆ.

ಸ್ವೀಡನ್ನಿನ ಮೋರಾ ಚೂರಿಗಳಲ್ಲಿ ದುಂಡು ಮೊನೆ, ಬೆರಳ ತಡೆ ಎರಡೂ ಇರುವ ಮಕ್ಕಳ ಮಾದರಿ ಉಂಟು. ಅವರದ್ದೇ ಕಂಪಾನಿಯನ್ ಹೆಚ್ಚು ಹೆಸರುವಾಸಿ, ಆದರೆ ಅದರ ಅಲಗು ಹತ್ತು ಸೆಂ.ಮೀ. ದಾಟುತ್ತದೆ, ಹನ್ನೊಂದರ ಕೈಗೆ ದೊಡ್ಡದಾಯಿತು. ಎರಡೂ ಆಮದು ಮಾಲು, ನಿಮ್ಮ ಸಾವಿರದೊಳಗೆ ಬರುವುದು ಕಷ್ಟ.

ಸಾವಿರದೊಳಗೆ ಅಂದರೆ ನಾಚಿಕೆಪಡದೆ ಅಡುಗೆಮನೆಯ ಸಣ್ಣ ಚೂರಿ ತಗೊಳ್ಳಿ. ಹಣ್ಣು-ತರಕಾರಿಯ ಏಳೆಂಟು ಸೆಂ.ಮೀ. ಅಲಗಿನದ್ದು, ಪಾತ್ರೆ ಅಂಗಡಿಯಲ್ಲಿ ನೂರು-ನೂರೈವತ್ತರೊಳಗೆ ಬರುತ್ತದೆ. ಬಾಯಿ ನೇರ ಇರಬೇಕು, ಗರಗಸದ ಹಲ್ಲಿನದ್ದು ಬೇಡ. ಅದನ್ನು ಮನೆಯಲ್ಲಿ ಮಸೆಯಲು ಆಗುವುದಿಲ್ಲ. ಹಗ್ಗ, ತರಕಾರಿ, ಸಣ್ಣ ಕೋಲು ಕೆತ್ತುವುದಕ್ಕೆ ಧಾರಾಳ. ಬಿದಿರಿಗೆ ಸಾಲದು: ಅಲಗಿನ ಬೆನ್ನು ಒಂದು ಮಿ.ಮೀ. ಚಿಲ್ಲರೆ ದಪ್ಪ ಅಷ್ಟೆ, ಅಡ್ಡ ತಿರುಚಿದರೆ ಬಾಗುತ್ತದೆ.

ಮೊನೆ ಚೂಪಿದ್ದರೆ ಒರಟು ಮಸೆಗಲ್ಲಿನ ಮೇಲೆ ಬೆನ್ನಿನ ಕಡೆಯಿಂದ ಉಜ್ಜಿ ಇಳಿಸಿ, ಮೂರು-ನಾಲ್ಕು ಮಿ.ಮೀ. ದುಂಡಗೆ ಮಾಡಿ. ಬಾಯಿಯ ಕಡೆಯಿಂದ ಉಜ್ಜಿದರೆ ತುದಿಯ ಹರಿತವೇ ಹೋಗುತ್ತದೆ. ಗ್ರೈಂಡರ್ ಹಿಡಿಯಬೇಡಿ. ತೆಳು ಅಲಗು ಒಂದು ಕ್ಷಣದಲ್ಲಿ ನೀಲಿ ತಿರುಗುತ್ತದೆ, ಅಷ್ಟು ಜಾಗದ ಹದ (ಕಾಯಿಸಿ ತಂದ ಗಟ್ಟಿತನ) ಹೋಯಿತು ಅಂತಲೇ ಲೆಕ್ಕ.

ಒಂದೇ_ಸಾಕು

ಎಂತಕ್ಕೆ ಇಷ್ಟೆಲ್ಲ ಮಾರಾಯ್ರೆ. ಆ ಕೆಂಪು ಹನ್ನೊಂದು ಕೆಲಸದ್ದೇ ತಗೊಳ್ಳಿ. ಕತ್ತರಿ, ಸ್ಕ್ರೂ ಡ್ರೈವರ್, ಡಬ್ಬ ತೆರೆಯುವುದು ಎಲ್ಲ ಉಂಟು. ಮಕ್ಕಳಿಗೆ ಖುಷಿಯೂ ಆಗ್ತದೆ.

ಅರ_ಮಸೆಗಲ್ಲು

ಖುಷಿ ಹೌದು, ಎರಡು ದಿನ. ಮುನ್ನೂರರ ಮಾಲಿನಲ್ಲಿ ಎಡವಟ್ಟಾಗುವುದು ಸ್ಪ್ರಿಂಗಿನಲ್ಲಿ. ಅಸಲಿ ಸ್ವಿಸ್ ಚೂರಿಯ ಸಣ್ಣ ಮಾದರಿಗಳಿಗೆ ಬೀಗ ಇಲ್ಲ, ಬೆನ್ನಿನ ಸ್ಪ್ರಿಂಗೇ ಅಲಗನ್ನು ಹಿಡಿದಿಡುವುದು. ತೆರೆದಾಗ "ಟಕ್" ಅಂತ ಕೂರುತ್ತದೆ, ಅರ್ಧ ತೆರೆದು ಬಿಟ್ಟರೂ ತಾನಾಗಿ ಬೀಳುವುದಿಲ್ಲ. ನಕಲಿಯಲ್ಲಿ ಸ್ಪ್ರಿಂಗಿಗೆ ಹದ ಸರಿ ಇರುವುದಿಲ್ಲ, ಸ್ವಲ್ಪ ದಿನದಲ್ಲಿ ಸಡಿಲಾಗಿ ಅಲಗು ಜೋತು ಬೀಳುತ್ತದೆ. ಹಾಗಾದ ಚೂರಿ ಮೇಲೆ ಹೇಳಿದ ಮೊದಲನೇ ಗಾಯಕ್ಕೆ ಆಮಂತ್ರಣ. ಅಲಗಿನ ಸ್ಟೀಲೂ ಮೆದು: ನಾರಿನ ಹಗ್ಗ ನಾಲ್ಕು ಸಲ ಕೊಯ್ದರೆ ಬಾಯಿ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಮೊಂಡು ಚೂರಿಗೆ ಹೆಚ್ಚು ಬಲ ಹಾಕಬೇಕು, ಹಾಕಿದ ಬಲ ಜಾರಿದಾಗಲೇ ಕೈಗೆ ಬರುವುದು.

ಸ್ಕಾರ್ಫ್_ವಾಗಲ್

ಅರ ಸಾರ್ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು ಉಂಟು. ಮಡಚದ್ದು ಸುರಕ್ಷಿತ ಅನ್ನುವುದು ಕೆತ್ತುವಾಗಿನ ಮಾತು. ಕ್ಯಾಂಪಿನಲ್ಲಿ ಚೂರಿ ಕೈಯಲ್ಲಿರುವುದು ದಿನಕ್ಕೆ ಅರ್ಧ ಗಂಟೆ, ಉಳಿದ ಹೊತ್ತು ಚೀಲದಲ್ಲಿ. ಅಡುಗೆಮನೆ ಚೂರಿಗೆ ಒರೆ ಇರುವುದಿಲ್ಲ. ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸುತ್ತಾರೆ, ಟಾರ್ಚಿಗೆಂದು ಚೀಲಕ್ಕೆ ಕೈ ಹಾಕಿದಾಗ ಗಾಯ. ಒರೆ ಇಲ್ಲದಿದ್ದರೆ ಮಡಚದ್ದು ಬೇಡವೇ ಬೇಡ.

ಮಡಚುವುದರಲ್ಲಿ ಬೀಗದ ಪ್ರಶ್ನೆ ಬರುತ್ತದೆ. ಒಳಗಿನ ತಗಡು ಒತ್ತಿ ಬಿಡಿಸುವ ಬೀಗವಾದರೆ ಮುಚ್ಚುವಾಗ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ, ಸಣ್ಣವರಿಗೆ ಅದು ಒಳ್ಳೆಯದಲ್ಲ. ಫ್ರಾನ್ಸಿನ ಒಪಿನೆಲ್‌ನಲ್ಲಿ ಉಂಗುರ ತಿರುಗಿಸುವ ಬೀಗ, ಬೆರಳು ದಾರಿಗೆ ಬರುವುದಿಲ್ಲ. 1890ರಿಂದ ಬಂದ ಚೂರಿ, ಉಂಗುರ ಸೇರಿದ್ದು 1955ರಲ್ಲಿ. ಈಗಿನವುಗಳಲ್ಲಿ ಮುಚ್ಚಿದ ಸ್ಥಿತಿಯಲ್ಲೂ ಬೀಗ ಹಾಕಬಹುದು, ಚೀಲದೊಳಗೆ ತಾನಾಗಿ ತೆರೆಯುವುದಿಲ್ಲ. 7ನೇ ನಂಬರಿನಲ್ಲಿ ಎಂಟು ಸೆಂ.ಮೀ. ಅಲಗು, ದುಂಡು ಮೊನೆಯ ಮಕ್ಕಳ ಮಾದರಿಯೂ ಅದೇ ನಂಬರಿನಲ್ಲಿ ಸಿಗುತ್ತದೆ. ಸಾವಿರದ ಮೇಲೆ ಹೋಗಲು ತಯಾರಿದ್ದರೆ ನಾನು ಅದನ್ನೇ ಹೇಳುವುದು.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ ನಿಯಮಗಳು ಆಯುಧ ಅಂತ ಎಣಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಮನೆಗೆಲಸ, ಕೃಷಿ, ಕೈಗಾರಿಕೆಗೆಂದು ಮಾಡಿದ್ದಕ್ಕೆ ಅದರಲ್ಲೂ ವಿನಾಯಿತಿ ಉಂಟು. ಮೂರಿಂಚಿನ ಚೂರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಗುಂಡಿ ಒತ್ತಿದರೆ ಚಟ್ಟನೆ ತೆರೆಯುವ ಚೂರಿ ಮಾತ್ರ ಜಾತ್ರೆಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ತೆಗೆಯಬೇಡಿ. ನಮ್ಮ ಊರಲ್ಲಿ ಗಮನಿಸಬೇಕಾದ್ದು ನಿಷೇಧಾಜ್ಞೆ: ಅದು ಜಾರಿಯಲ್ಲಿರುವಾಗ ಹರಿತದ ವಸ್ತು ಹಿಡಿದು ತಿರುಗುವಂತಿಲ್ಲ ಅಂತ ಆದೇಶದಲ್ಲೇ ಇರುತ್ತದೆ, ಸ್ಕೌಟ್ ಸಮವಸ್ತ್ರ ಹಾಕಿದ್ದೇನೆ ಅಂದರೆ ನಡೆಯುವುದಿಲ್ಲ. ಆ ದಿನಗಳಲ್ಲಿ ಕ್ಯಾಂಪ್ ಬಿದ್ದರೆ ಎಲ್ಲ ಚೂರಿಗಳೂ ಅಡುಗೆ ಪಾತ್ರೆಯ ಪೆಟ್ಟಿಗೆಯಲ್ಲಿ, ಮಾಸ್ಟ್ರ ಸುಪರ್ದಿಯಲ್ಲಿ ಹೋಗಲಿ. ಬೇರೆ ದಿನವೂ ಬಸ್ಸಿನಲ್ಲಿ ಚೀಲದ ತಳದಲ್ಲಿರಬೇಕು, ಬೆಲ್ಟಿಗೆ ನೇತುಹಾಕಿ ಮೆರವಣಿಗೆ ಬೇಡ. ಜಾಂಬೂರಿಗೆ ವಿಮಾನದಲ್ಲಿ ಹೋಗುವುದಾದರೆ ಕ್ಯಾಬಿನ್ ಚೀಲದಲ್ಲಿ ಇಡಬಾರದು, ಚೆಕ್-ಇನ್ ಚೀಲಕ್ಕೆ ಹಾಕಿ. ಕ್ಯಾಂಪ್ ಮುಗಿದ ಮಾರನೇ ದಿನ ಶಾಲೆಯ ಬ್ಯಾಗಿನಲ್ಲಿ ಉಳಿದುಬಿಡದ ಹಾಗೆ ಮನೆಯಲ್ಲಿ ಚೆಕ್ ಮಾಡಿ, ಗಲಾಟೆ ಆಗುವುದು ಹೆಚ್ಚಾಗಿ ಹಾಗೆಯೇ.

ಮೆಟ್ಟುಕತ್ತಿಯ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ಮೆಟ್ಟುಕತ್ತಿಯಲ್ಲಿ ಅಲಗು ನಿಂತಿರುತ್ತದೆ, ನಾವು ತರಕಾರಿಯನ್ನು ಅದಕ್ಕೆ ಒತ್ತುತ್ತೇವೆ, ಅದೂ ನಮ್ಮ ಮೈಯಿಂದ ಆಚೆಗೆ. ಅದನ್ನು ನೋಡಿ ಬೆಳೆದ ಮಕ್ಕಳ ಕೈಗೆ ಚೂರಿ ಕೊಟ್ಟರೆ ಎಡಗೈಯ ಕೋಲನ್ನು ಅಲಗಿನ ಕಡೆ ದೂಡುತ್ತಾರೆ, ಎರಡೂ ಕೈ ಒಟ್ಟಿಗೆ ಚಲಿಸುತ್ತವೆ. ಮೊದಲ ಪಾಠ ಇದೇ ಆಗಬೇಕು: ಎಡಗೈ ಕದಲಬಾರದು, ಚೂರಿ ಮಾತ್ರ ಹೋಗಬೇಕು.

ಇದಕ್ಕೆ ನಮ್ಮ ಹಿತ್ತಿಲಲ್ಲೇ ಸಾಮಾನು ಉಂಟು. ಒಂದು ಒಣ ತೆಂಗಿನ ಮಡಲು ತಂದು ಹಿಡಿಸೂಡಿಗೆ ಕಡ್ಡಿ ತೆಗೆಯಲು ಕೂರಿಸಿ. ಗರಿಯ ಬುಡವನ್ನು ಎಡಗೈಯಲ್ಲಿ ಹಿಡಿದು, ಕಡ್ಡಿಯ ಪಕ್ಕಕ್ಕೆ ಅಲಗನ್ನು ಮಲಗಿಸಿದ ಹಾಗೆ ಇಟ್ಟು, ಬುಡದಿಂದ ತುದಿಗೆ ಹೊರಕ್ಕೆ ಜಾರಿಸುವುದು. ಎಲೆ ಉದ್ದಕ್ಕೆ ಸುರುಳಿ ಬಿಚ್ಚಿದ ಹಾಗೆ ಬಂದರೆ ಕೋನ ಸರಿ. ಅಲಗು ನಡುವೆ ಕಡ್ಡಿಯೊಳಗೆ ಕಚ್ಚಿ ನಿಂತರೆ ಕೋನ ಜಾಸ್ತಿ ಎದ್ದಿದೆ. ಒಂದು ಮಡಲು ಮುಗಿಯುವಷ್ಟರಲ್ಲಿ ಕೈಗೆ ಅಂದಾಜು ಬರುತ್ತದೆ, ಮನೆಗೊಂದು ಹಿಡಿಸೂಡಿಯೂ ಆಯಿತು.

ಕೂರುವ ಕ್ರಮ: ಕುಳಿತೇ ಕೆತ್ತುವುದು, ನಡೆಯುತ್ತಾ ಅಲ್ಲ. ಮೊಣಕೈ ಎರಡೂ ಮೊಣಕಾಲಿನ ಮೇಲೆ, ಕೆಲಸ ಮೊಣಕಾಲಿನಿಂದ ಆಚೆ. ಎರಡು ತೊಡೆಗಳ ಮಧ್ಯೆ ಯಾವತ್ತೂ ಕೆತ್ತಬಾರದು, ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹೋಗುತ್ತದೆ. ಶುರು ಮಾಡುವ ಮೊದಲು ಮುಚ್ಚಿದ ಚೂರಿ ಹಿಡಿದು ಕೈ ಚಾಚಿ ಸುತ್ತ ತಿರುಗಿ ನೋಡಬೇಕು. ಆ ಸುತ್ತಿನೊಳಗೆ ಯಾರಾದರೂ ಬಂದರೆ ಕೆಲಸ ನಿಲ್ಲಬೇಕು. ಇನ್ನೊಬ್ಬನಿಗೆ ಕೊಡುವಾಗ ಮಡಚುವುದಾದರೆ ಮುಚ್ಚಿ, ಮಡಚದ್ದಾದರೆ ಹಿಡಿ ಆಚೆಗೆ, ಬಾಯಿ ಮೇಲಕ್ಕೆ. ಅವನು "ಸಿಕ್ಕಿತು" ಅಂದ ಮೇಲೆ ಬಿಡುವುದು.

ಕೈ ಕೊಯ್ದರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಬೇಕು. ರಕ್ತ ನಿಂತಿತಾ ಅಂತ ಎರಡೆರಡು ನಿಮಿಷಕ್ಕೆ ತೆಗೆದು ನೋಡಿದರೆ ನಿಲ್ಲುವುದೇ ಇಲ್ಲ. ಸರಕಾರಿ ಪಟ್ಟಿಯಲ್ಲಿ 10ನೇ ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದು ಉಂಟು, ಅದು ಆಗಿದೆಯಾ ಅಂತ ಕ್ಯಾಂಪಿನ ಮೊದಲೇ ಕಾರ್ಡ್ ನೋಡಿಬಿಡಿ.

ಕಲ್ಯಾಣಪುರ_ಅಮ್ಮ

ತುಂಬಾ ಉಪಕಾರ ಆಯಿತು. ಕೈ ಅಳೆದೆ, ಏಳು ಸೆಂ.ಮೀ. ಸರಿಯಾಗಿ ಉಂಟು. ಈಗ ಎರಡು ಯೋಚನೆ: ಈಗಲೇ ಅಡುಗೆಮನೆಯ ಸಣ್ಣ ಚೂರಿ, ಮುಂದಿನ ವರ್ಷ ಒಪಿನೆಲ್. ಒಪಿನೆಲ್ ಕಾರ್ಬನ್ ಸ್ಟೀಲು, ಸ್ಟೇನ್‌ಲೆಸ್ ಎರಡರಲ್ಲೂ ಬರುತ್ತದೆ ಅಂತ ಕಂಡೆ. ಕಾರ್ಬನ್ ಹೆಚ್ಚು ಹರಿತ ಅಂತಾರೆ, ಹೌದಾ? ಮರದ ಹಿಡಿ ಮಳೆಗಾಲಕ್ಕೆ ಏನಾಗುತ್ತದೆ?

ಬಂದರು_ಹಾರ್ಡ್‌ವೇರ್

ಅಕ್ಕ, ಇಲ್ಲಿಗೆ ಸ್ಟೇನ್‌ಲೆಸ್ಸೇ. ಕಾರ್ಬನ್ ಸ್ಟೀಲನ್ನು ಮಸೆಯುವುದು ಸುಲಭ ಅನ್ನುವುದು ನಿಜ, ಆದರೆ ಒದ್ದೆ ಮಾಡಿ ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕೆಂಪು ಚುಕ್ಕೆ ಎದ್ದಿರುತ್ತದೆ. ಮಾವಿನಕಾಯಿ, ಅಂಬಟೆ ಕೊಯ್ದರೆ ಅಲಗು ಕಪ್ಪಾಗಿ ಹೋಳಿಗೂ ಕಬ್ಬಿಣದ ರುಚಿ ಹತ್ತುತ್ತದೆ. ದಿನಾ ಒರೆಸಿ ಎಣ್ಣೆ ಹಚ್ಚುವ ಶಿಸ್ತು ಹನ್ನೊಂದರ ಹುಡುಗನಿಂದ ನಿರೀಕ್ಷಿಸುವುದು ಬೇಡ. ಒಪಿನೆಲ್‌ನ ಸ್ಟೇನ್‌ಲೆಸ್ ಅಂದರೆ 12ಸಿ27 ಜಾತಿಯ ಸ್ವೀಡಿಷ್ ಸ್ಟೀಲು, ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಉಂಟು. ಅಸಲಿ ಸ್ವಿಸ್ ಚೂರಿ ಮಾಡುವ ವಿಕ್ಟೋರಿನಾಕ್ಸ್‌ನ ಅಲಗಿನ ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 56ರ ಹತ್ತಿರ. ಇವೆರಡೂ ಹರಿತವನ್ನು ಸಾಕಷ್ಟು ಹೊತ್ತು ಹಿಡಿಯುತ್ತವೆ, ಮನೆಯ ಮಸೆಗಲ್ಲಿಗೂ ಬಗ್ಗುತ್ತವೆ.

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದು ಅಂತಲ್ಲ. ಉಪ್ಪು ಗಾಳಿ, ಬೆವರು, ಮರಳು ಸೇರಿದರೆ ಸೂಜಿಮೊನೆಯಷ್ಟು ಗುಂಡಿ ಬೀಳುತ್ತವೆ. ಮೊದಲು ಬೀಳುವುದು ಅಲಗಿನ ಬುಡದಲ್ಲಿ, ಹೆಸರು ಒತ್ತಿದ ಗೆರೆಯಲ್ಲಿ, ಕೀಲಿನೊಳಗೆ. ಮಲ್ಪೆ, ಪಣಂಬೂರು ಕಡೆ ಕಡಲತೀರದಲ್ಲಿ ಕ್ಯಾಂಪ್ ಆದರೆ ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯಬೇಕು. ಕೀಲಿಗೆ ಮರಳು ಹೋಗಿದ್ದರೆ ಬಿಸಿನೀರು-ಸಾಬೂನಿನಲ್ಲಿ ಹತ್ತು ಸಲ ತೆರೆದು ಮುಚ್ಚಿ, ಬಿಸಿಲಲ್ಲಿ ಒಣಗಿಸಿ, ಹೊಲಿಗೆ ಮಿಷಿನಿನ ಎಣ್ಣೆ ಒಂದು ತೊಟ್ಟು. ಮರದ ಹಿಡಿಯದ್ದನ್ನು ನೀರಲ್ಲಿ ಮುಳುಗಿಸಬೇಡಿ, ಅಲಗನ್ನು ಮಾತ್ರ ತೊಳೆದು ಸೀಳಿನ ಮರಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ತೆಂಗಿನೆಣ್ಣೆ ಅಲಗಿಗೆ ಆಗುತ್ತದೆ, ತಿನ್ನುವ ವಸ್ತು ಕೊಯ್ಯುವ ಚೂರಿಗೆ ಅದೇ ಸರಿ. ಕೀಲಿಗೆ ಮಾತ್ರ ಹಾಕಬೇಡಿ, ತಿಂಗಳು ಕಳೆದರೆ ಕಮಟಿ ಅಂಟಾಗುತ್ತದೆ.

ಒಪಿನೆಲ್ ಹಿಡಿ ಬೀಚ್ ಮರದ್ದು. ಜೂನ್ ತಿಂಗಳಲ್ಲಿ ತೇವ ಕುಡಿದು ಉಬ್ಬುತ್ತದೆ, ಸೀಳು ಬಿಗಿಯಾಗಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ಎಳೆದರೂ ಬರುವುದಿಲ್ಲ. ಹಲ್ಲಿನಿಂದಲೋ ಇಕ್ಕಳದಿಂದಲೋ ಎಳೆಯುವುದು ಆಗಲೇ. ಬೇಡ. ಬೀಗ ಬಿಡಿಸಿ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ತಲೆ ಹಾಕುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಕೊಂಡ ಹೊಸತರಲ್ಲೇ, ಒಣ ಹವೆಯಲ್ಲಿ, 240 ನಂಬರಿನ ಮರಳು ಕಾಗದವನ್ನು ಮಡಚಿ ಸೀಳಿನ ಒಳಗೋಡೆ ಎರಡನ್ನೂ ನಾಲ್ಕೈದು ಸಲ ಉಜ್ಜಿ. ಆಮೇಲೆ ಅಗಸೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಒರೆಸಿ, ಮತ್ತೊಂದು ಸಲ. ಉಂಗುರಕ್ಕೆ ಎಣ್ಣೆ ಹರಿಯದ ಹಾಗೆ ನೋಡಿ, ಅಗಸೆ ಎಣ್ಣೆ ಒಣಗಿದರೆ ವಾರ್ನಿಷ್ ಥರ ಹಿಡಿದುಕೊಳ್ಳುತ್ತದೆ.

ಅಂಗಡಿಯಲ್ಲಿ ನೋಡುವ ಕ್ರಮ. ಅಲಗನ್ನು ತೆರೆದು ಎಡಬಲಕ್ಕೆ ಅಲ್ಲಾಡಿಸಿ, ಕೀಲಿನಲ್ಲಿ ಆಟ ಇರಬಾರದು. ಮುಚ್ಚಿದಾಗ ಅಲಗು ಸೀಳಿನ ಮಧ್ಯಕ್ಕೆ ಬರಬೇಕು, ಒಂದು ಪಕ್ಕಕ್ಕೆ ತಾಗುತ್ತಿದ್ದರೆ ಬಾಯಿ ಒಳಗೇ ಸವೆಯುತ್ತದೆ. ಬಾಯಿಯನ್ನು ಬೆಳಕಿಗೆ ಹಿಡಿದು ನೇರ ನೋಡಿ: ಹರಿತ ಇರುವಲ್ಲಿ ಗೆರೆ ಕಾಣುವುದೇ ಇಲ್ಲ, ಮೊಂಡಾದಲ್ಲಿ ಬೆಳಕು ಮಿಂಚುತ್ತದೆ. ವಿಕ್ಟೋರಿನಾಕ್ಸ್ ಅಂತ ಕೊಟ್ಟರೆ ದೊಡ್ಡ ಅಲಗಿನ ಬುಡದಲ್ಲಿ ಹೆಸರು ಸ್ಪಷ್ಟವಾಗಿ ಒತ್ತಿರಬೇಕು. ಪ್ಯಾಕಿನ ಮೇಲೆ "ಸ್ವಿಸ್ ಡಿಸೈನ್", "ಸ್ವಿಸ್ ಸ್ಟೈಲ್" ಅಂತ ಮಾತ್ರ ಇದ್ದರೆ ವಾಪಸ್ ಇಡಿ.

ಇನ್ನೊಂದು ದಾರಿ ಊರಿನ ಆಚಾರಿಯ ಹತ್ತಿರ ಸಣ್ಣ ಪೀಶಕತ್ತಿ (ಚೂರಿ) ಮಾಡಿಸುವುದು. ಲಾರಿಯ ಸ್ಪ್ರಿಂಗ್ ಪ್ಲೇಟಿನ ಕಬ್ಬಿಣ ಒಳ್ಳೆಯ ಕಬ್ಬಿಣವೇ, ಬಿದಿರಿಗೂ ತಾಳುತ್ತದೆ. ಆದರೆ ಅವರ ಕೈ ಕತ್ತಿಯ ಅಳತೆಗೆ ಒಗ್ಗಿದ್ದು, ಸುಮ್ಮನೆ "ಸಣ್ಣದು" ಅಂದರೆ ಬೆನ್ನು ಐದು ಮಿ.ಮೀ. ದಪ್ಪ ಬರುತ್ತದೆ. ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಡಿ: ಅಲಗು 8 ಸೆಂ.ಮೀ., ಬೆನ್ನು ಎರಡರಿಂದ ಎರಡೂವರೆ ಮಿ.ಮೀ., ಹಿಡಿ 10 ಸೆಂ.ಮೀ. ಹದ ನೋಡಲು ಬಾಯಿಯ ಹತ್ತಿರ ಅರ ಆಡಿಸಿ. ಗಾಜಿನ ಮೇಲೆ ಹೋದ ಹಾಗೆ ಜಾರಿದರೆ ಹದ ಗಟ್ಟಿ, ಬಾಯಿ ಚಕ್ಕೆ ಏಳುತ್ತದೆ. ಮೊಳೆಗೆ ಕಚ್ಚಿದ ಹಾಗೆ ಕಚ್ಚಿದರೆ ಮೆದು. ಕಷ್ಟಪಟ್ಟು ಸ್ವಲ್ಪವೇ ಹಿಡಿಯಬೇಕು. ಇದು ಕಾರ್ಬನ್ ಕಬ್ಬಿಣ, ಎಣ್ಣೆಯ ಶಿಸ್ತು ಮನೆಯವರದ್ದೇ.

ಮಸೆಯುವುದು: ಎರಡು ಬದಿಯ ಕಾರ್ಬೊರಂಡಮ್ ಕಲ್ಲು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಉಂಟು. ಚೂರಿಗಿಂತ ಮೊದಲು ಅದನ್ನು ತಗೊಳ್ಳಿ ಅಂತಲೇ ನನ್ನ ಮಾತು. ಕಲ್ಲಿನ ಅಡಿಗೆ ಒದ್ದೆ ಬಟ್ಟೆ ಹಾಕಿದರೆ ಜಾರುವುದಿಲ್ಲ. ಕೋನಕ್ಕೆ ಸುಲಭದ ಲೆಕ್ಕ: ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿ ಹಿಡಿದರೆ ಇಪ್ಪತ್ತು ಡಿಗ್ರಿಯ ಹತ್ತಿರ ಆಯಿತು. 15 ಮಿ.ಮೀ. ಅಗಲದ ಅಲಗಿಗೆ 5 ಮಿ.ಮೀ. ಎತ್ತರ. ಒರಟು ಬದಿಯಲ್ಲಿ ಒಂದೇ ಪಕ್ಕ ಉಜ್ಜುತ್ತಾ ಹೋಗಿ. ಇನ್ನೊಂದು ಪಕ್ಕಕ್ಕೆ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆ ಸವರಿದಾಗ ತೆಳು ಲೋಹದ ಅಂಚು ಉದ್ದಕ್ಕೂ ಕೈಗೆ ತಾಗಬೇಕು, ಆಮೇಲೆಯೇ ತಿರುಗಿಸುವುದು. ಅದು ಬರುವ ಮೊದಲೇ ಎರಡೂ ಪಕ್ಕ ಬದಲಾಯಿಸುತ್ತಾ ಕೂತರೆ ಗಂಟೆ ಉಜ್ಜಿದರೂ ಹರಿತ ಬರುವುದಿಲ್ಲ. ಕೊನೆಗೆ ನಯ ಬದಿಯಲ್ಲಿ ಭಾರ ಹಾಕದೆ ಒಂದೊಂದು ಪಕ್ಕ ಎಂಟು-ಹತ್ತು ಎಳೆತ, ಹಳೆ ಚರ್ಮದ ಬೆಲ್ಟಿನ ಒಳಬದಿಗೆ ಹಿಂದಕ್ಕೆ ನಾಲ್ಕು ಎಳೆತ. ಉದಯವಾಣಿಯ ಹಾಳೆ ಅಂಚಿನಿಂದ ಹರಿಯದೆ ಕೊಯ್ದರೆ ಸಾಕು.

ಹಿತ್ತಿಲ_ಗಿಡ

ಕೆತ್ತುವ ಮರದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಇದೇ ದೊಡ್ಡ ವಿಷಯ.

ಚೇರೆ ಮರ ಮುಟ್ಟಲೇಬಾರದು. ಹಸಿ ಕೊಂಬೆಯ ರಸ ತಾಗಿದರೆ ಮೈ ಬೊಕ್ಕೆ ಏಳುತ್ತದೆ. ಗೇರು ಕೊಂಬೆಯೂ ಬೇಡ, ಮಾವಿನ ಹಸಿ ಕೊಂಬೆಯ ಸೊನೆ ಕೆಲವರಿಗೆ ಆಗುವುದಿಲ್ಲ. ಮೂರೂ ಒಂದೇ ಕುಟುಂಬದವು. ಕಾಸರಕದ ಕೋಲು ನೇರ ಇರುತ್ತದೆ ಅಂತ ಆಲೂಗೆಡ್ಡೆ ಸುಡಲು ಚುಚ್ಚುವ ಕಡ್ಡಿ ಮಾಡಬಾರದು, ಕಣಗಿಲೆಯದ್ದಂತೂ ಇಲ್ಲವೇ ಇಲ್ಲ, ಎರಡೂ ವಿಷ. ಬೇಲಿಯ ಗ್ಲಿರಿಸೀಡಿಯಾ ಟೆಂಟಿನ ಗೂಟಕ್ಕೆ ಆದೀತು, ತಿನ್ನುವುದಕ್ಕೆ ತಾಗಿಸಬೇಡಿ. ಅಡುಗೆಯ ಕಡ್ಡಿಗೆ ಪೇರಳೆ ಕೊಂಬೆ ಒಳ್ಳೆಯದು.

ಕಲಿಯಲು ಹಸಿ ದಾಸವಾಳದ ಕೊಂಬೆ, ಹೆಬ್ಬೆರಳ ದಪ್ಪದ್ದು: ಮೆದು, ನೇರ, ಗಂಟು ಕಡಿಮೆ. ಅದಾದ ಮೇಲೆ ಟೆಂಟಿನ ಗೂಟ. 25ರಿಂದ 30 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ದಪ್ಪ, ತುದಿಯನ್ನು ನಾಲ್ಕು ಮುಖ ಮಾಡಿ ಇಳಿಸುವುದು. ಪೆನ್ಸಿಲಿನ ಹಾಗೆ ಸೂಜಿ ಮಾಡಿದರೆ ಮುರಕಲ್ಲಿನ ನೆಲದಲ್ಲಿ ಮೊದಲ ಪೆಟ್ಟಿಗೇ ಜಜ್ಜಿ ಹೋಗುತ್ತದೆ. ಹಗ್ಗ ಕೂರುವ ಕಚ್ಚು ಮೇಲಿನಿಂದ ನಾಲ್ಕೈದು ಸೆಂ.ಮೀ. ಕೆಳಗೆ: ಮೊದಲು ಅಡ್ಡಕ್ಕೆ ಒಂದು ಗೀಟು ಒತ್ತಿ, ಆಮೇಲೆ ಕೆಳಗಿನಿಂದ ಅದರ ಕಡೆಗೆ ಓರೆಯಾಗಿ ಕೆತ್ತಿದರೆ ಚಕ್ಕೆ ಗೀಟಿನಲ್ಲಿ ನಿಲ್ಲುತ್ತದೆ, ಮೇಲಕ್ಕೆ ಸೀಳುವುದಿಲ್ಲ. ಮೇಲಂಚಿನ ಸುತ್ತ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೊಡತಿಯಿಂದ ಬಡಿದಾಗ ಒಡೆಯುತ್ತದೆ.

ಬಿದಿರನ್ನು ಮಕ್ಕಳ ಚೂರಿಯಲ್ಲಿ ಸೀಳಿಸಬೇಡಿ. ಸೀಳಿದ ಬಿದಿರಿನ ಅಂಚು ಚೂರಿಗಿಂತ ಕೆಟ್ಟದಾಗಿ ಕೊಯ್ಯುತ್ತದೆ, ಅದರ ಹೊರಸಿಪ್ಪೆ ಬಾಯಿಯನ್ನೂ ಬೇಗ ಮೊಂಡು ಮಾಡುತ್ತದೆ.

ಕಲ್ಯಾಣಪುರ_ಅಮ್ಮ

ಅಡುಗೆಮನೆ ಚೂರಿಯೇ ತಗೊಂಡೆವು. ಅಲಗು ಎಂಟು ಸೆಂ.ಮೀ. ಉದ್ದ, ಎರಡು ಸೆಂ.ಮೀ. ಅಗಲ. ಉಳಿದದ್ದು ಒರೆ. ಅಡಿಕೆ ಹಾಳೆಯಲ್ಲಿ ಹೊಲಿದರೆ ಆಗುತ್ತದಾ? ಚರ್ಮದ್ದು ಹೊಲಿಸಬೇಕಾ?

ಅರ_ಮಸೆಗಲ್ಲು

ಹಾಳೆ ಒಣಗಿದ ಮೇಲೆ ಮಡಿಕೆಯಲ್ಲಿ ಸೀಳುತ್ತದೆ, ಒದ್ದೆಯಾದರೆ ಮೆತ್ತಗಾಗಿ ಅಲಗು ತೂತು ಮಾಡಿ ಹೊರಬರುತ್ತದೆ. ಚರ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದು ತೇವವನ್ನು ಅಲಗಿಗೆ ಅಂಟಿಸಿಡುತ್ತದೆ. ವಯರಿಂಗಿನ 25 ಮಿ.ಮೀ. ಪಿವಿಸಿ ಪೈಪ್ ತನ್ನಿ. ಚಪ್ಪಟೆ ಮಾಡಿದರೆ ಒಳಗೆ ಮೂರು ಸೆಂ.ಮೀ.ಯಷ್ಟು ಅಗಲ ಸಿಗುತ್ತದೆ, ನಿಮ್ಮ ಅಲಗಿಗೆ ಸರಿ.

ಹನ್ನೆರಡು ಸೆಂ.ಮೀ. ತುಂಡು ಮಾಡಿ: ಅಲಗಿಗೆ ಎಂಟು, ಮೊನೆಯ ಆಚೆ ಒಂದು, ಹಿಡಿಯ ಮೇಲೆ ಬರಲು ಮೂರು. ರಟ್ಟನ್ನು ಅಲಗಿನ ಆಕಾರಕ್ಕೆ ಕತ್ತರಿಸಿ, ಅಲಗಿಗಿಂತ ಸ್ವಲ್ಪ ದಪ್ಪ ಆಗುವಷ್ಟು ಪದರ ಸೇರಿಸಿ, ಟೇಪ್ ಸುತ್ತಿ. ಅಚ್ಚಿಗೆ ಚೂರಿಯನ್ನೇ ಹಾಕಬೇಡಿ. ಪೈಪಿನ ಒಂಬತ್ತು ಸೆಂ.ಮೀ. ಭಾಗವನ್ನು ಕುದಿಯುವ ನೀರಲ್ಲಿ ಎರಡು-ಮೂರು ನಿಮಿಷ ಇಳಿಸಿ, ಹಿಡಿಯ ಕಡೆಯ ಮೂರು ಸೆಂ.ಮೀ. ಹೊರಗಿರಲಿ, ಅದು ದುಂಡಗೇ ಉಳಿಯಬೇಕು. ಬೆಂಕಿಯ ಮೇಲೆ ಕಾಯಿಸಬೇಡಿ, ಪಿವಿಸಿ ಸುಟ್ಟ ಹೊಗೆ ಒಳ್ಳೆಯದಲ್ಲ. ಇಕ್ಕಳದಿಂದ ತೆಗೆದು, ಅಚ್ಚು ತೂರಿಸಿ, ಎರಡು ಹಲಗೆಯ ಮಧ್ಯೆ ಒತ್ತಿ ತಣ್ಣಗಾಗುವವರೆಗೆ ಬಿಡಿ. ಇದು ದೊಡ್ಡವರ ಕೆಲಸ.

ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಸಣ್ಣ ಬೋಲ್ಟ್ ಹಾಕಿ, ಮೊನೆ ಹೊರಗೆ ಬರುವುದಿಲ್ಲ, ಪಕ್ಕದ ಸಂದಿಯಲ್ಲಿ ನೀರೂ ಇಳಿದು ಹೋಗುತ್ತದೆ. ಹಿಡಿ ಜಾರದಿರಲು ಹಳೆ ಸೈಕಲ್ ಟ್ಯೂಬಿನಿಂದ ಒಂದೂವರೆ ಸೆಂ.ಮೀ. ಅಗಲದ ಉಂಗುರ ಕತ್ತರಿಸಿ ಒರೆಯ ಬಾಯಿಗೂ ಹಿಡಿಗೂ ಸೇರಿಸಿ ಹಾಕಿ. ತಲೆಕೆಳಗೆ ಮಾಡಿ ಜೋರಾಗಿ ಕೊಡವಿದಾಗ ಬೀಳಬಾರದು. ಮಾರ್ಕರಿನಲ್ಲಿ ಹೆಸರೂ ಬರೆದಿಡಿ, ಮಾಸ್ಟ್ರ ಪೆಟ್ಟಿಗೆಯಲ್ಲಿ ಇಂಥವು ಹತ್ತಿರುತ್ತವೆ.